ಎಂಆರ್‌ಸಿಪಿ (ಪಿತ್ತನಾಳಗಳ ಎಂಆರ್‌ಐ): ಸಿಬಿಡಿ (ಮುಖ್ಯ ಪಿತ್ತನಾಳ) ಕೆಳತುದಿಯ ಕಪ್ಪು ಚುಕ್ಕೆ ಕಲ್ಲೋ, ಆರ್ಟಿಫ್ಯಾಕ್ಟೋ (ಚಿತ್ರದಲ್ಲಷ್ಟೇ ಕಾಣುವ ಭ್ರಮೆಯೋ)?

ಕನ್ಸೋಲ್ ಕಡೆಯಿಂದ:
1.5 ಟೆಸ್ಲಾ ಮೆಷಿನ್, 3ಡಿ ಎಂಆರ್‌ಸಿಪಿ, ನ್ಯಾವಿಗೇಟರ್ ಟ್ರಿಗರ್ (ಡಯಾಫ್ರಮ್‌ನ ಅಂದರೆ ವಪೆಯ ಚಲನೆ ನೋಡಿ ಉಸಿರಿಗೆ ತಕ್ಕಂತೆ ಡೇಟಾ ತೆಗೆಯುವ ವಿಧಾನ). ಕೆಲವು ಪೇಷೆಂಟ್‌ಗಳಿಗೆ 4 ನಿಮಿಷದಲ್ಲಿ ಮುಗಿಯುವ ಸೀಕ್ವೆನ್ಸ್ ಇನ್ನು ಕೆಲವರಿಗೆ 9 ನಿಮಿಷ ಎಳೆಯುತ್ತದೆ. ಅಷ್ಟು ಕಾದರೂ ಚಿತ್ರ ಮಸುಕು. ಜೊತೆಗೆ ಎಂಐಪಿಯಲ್ಲಿ (ಸ್ಲೈಸ್‌ಗಳನ್ನೆಲ್ಲ ಸೇರಿಸಿ ಮಾಡಿದ ಒಂದೇ ಚಿತ್ರ) ಸಿಬಿಡಿ ಡ್ಯುವೋಡಿನಮ್‌ಗೆ (ಸಣ್ಣಕರುಳಿನ ಮೊದಲ ಭಾಗ) ಸೇರುವ ಜಾಗದಲ್ಲಿ ದುಂಡಗೆ ಕಡಿದಂತೆ ಕಪ್ಪಾಗಿ ಕಾಣುತ್ತದೆ, ನಾಳ ಮಾತ್ರ ಹಿಗ್ಗಿರುವುದಿಲ್ಲ. ಇಂಥದ್ದಕ್ಕೆ ಪೇಷೆಂಟನ್ನು ಟೇಬಲ್‌ನಿಂದ ಇಳಿಸುವ ಮೊದಲು ಏನೇನು ತೆಗೆದುಕೊಳ್ಳಬೇಕು? ಜಠರದ ನೀರು ನಾಳದ ಮೇಲೆ ಬಿದ್ದು ಮುಚ್ಚುವುದಕ್ಕೂ ದಾರಿ ಇದ್ದರೆ ತಿಳಿಸಿ.

ಟೆಕ್ನಾಲಜಿಸ್ಟ್, ಬಾಡಿ ಎಂಆರ್‌ಐ:
ಮೊದಲು ಸಮಯದ ವಿಷಯ. ಟ್ರಿಗರ್ ಹಾಕಿದಾಗ ಟಿಆರ್ (ಒಂದು ಶಾಟ್‌ನಿಂದ ಮುಂದಿನದಕ್ಕಿರುವ ಸಮಯ) ನಿಮ್ಮ ಕೈಯಲ್ಲಿರುವುದಿಲ್ಲ, ಪೇಷೆಂಟಿನ ಉಸಿರೇ ಟಿಆರ್. ನಿಮಿಷಕ್ಕೆ 15 ಸಲ ಉಸಿರಾಡುವವರಿಗೆ 4 ಸೆಕೆಂಡಿಗೊಂದು ಟ್ರಿಗರ್ ಸಿಗುತ್ತದೆ. 8 ಸಲ ಉಸಿರಾಡುವವರಿಗೆ 7.5 ಸೆಕೆಂಡ್ ಆಗುತ್ತದೆ, ಅಂದರೆ ಸ್ಕ್ಯಾನ್ ಹತ್ತಿರ ಹತ್ತಿರ ದುಪ್ಪಟ್ಟು. ಅದಕ್ಕೇ "ಜೋರಾಗಿ, ನಿಧಾನವಾಗಿ ಉಸಿರು ತಗೊಳ್ಳಿ" ಎಂದು ಹೇಳಲೇಬೇಡಿ. "ಯಾವಾಗಿನ ಹಾಗೆ ಸಣ್ಣಗೆ, ಒಂದೇ ಸಮ ಉಸಿರಾಡಿ, ನಿದ್ದೆ ಮಾಡಬೇಡಿ" ಎಂದರೆ ಸಾಕು. ನಿದ್ದೆ ಹತ್ತಿದರೆ ಉಸಿರಿನ ಲಯ ಬದಲಾಗಿ, ಡಯಾಫ್ರಮ್ ನಿಲ್ಲುವ ಜಾಗವೇ ಸರಿಯುತ್ತದೆ.

ಮಸುಕಿಗೆ ಕಾರಣ ಸಾಮಾನ್ಯವಾಗಿ ಬೇರೆ. ಡೇಟಾ ಪೂರಾ ಉಸಿರು ಬಿಟ್ಟ ಮೇಲಿನ ವಿರಾಮದಲ್ಲೇ ಬರಬೇಕು. ವೇಗವಾಗಿ ಉಸಿರಾಡುವವರಲ್ಲಿ ಆ ವಿರಾಮ ಚಿಕ್ಕದು, ಎಕೋ ಟ್ರೇನ್ (ಒಂದು ಟ್ರಿಗರ್‌ಗೆ ಸಾಲಾಗಿ ಬರುವ ಸಿಗ್ನಲ್‌ಗಳು) ಮುಂದಿನ ಉಸಿರಿನೊಳಗೆ ಹೋಗಿಬಿಡುತ್ತದೆ. ನ್ಯಾವಿಗೇಟರನ್ನು ಬಲ ಡಯಾಫ್ರಮ್‌ನ ಗುಮ್ಮಟದ ಮೇಲೆ, ಅರ್ಧ ಲಿವರ್ ಅರ್ಧ ಶ್ವಾಸಕೋಶ ಬರುವಂತೆ ಇಡಿ. ಹೃದಯದ ಕಡೆ ಜಾರಿದರೆ ಬಡಿತವನ್ನೇ ಉಸಿರೆಂದು ಹಿಡಿಯುತ್ತದೆ. ಸ್ಕ್ಯಾನ್ ಶುರುವಾದ ಮೇಲೂ ಅಲೆ ನೋಡುತ್ತಿರಿ. ಮೊದಲ ಒಂದು ನಿಮಿಷದಲ್ಲೇ ಅಲೆ ಏರುಪೇರಾಗಿದ್ದರೆ 9 ನಿಮಿಷ ಕಾದು ಫಲವಿಲ್ಲ. ನಿಲ್ಲಿಸಿ, ಬ್ರೆತ್ ಹೋಲ್ಡ್ (ಉಸಿರು ಹಿಡಿಸಿ ತೆಗೆಯುವ) 3ಡಿ ಗ್ರೇಸ್ ಎಂಬ ವೇಗದ ಸೀಕ್ವೆನ್ಸ್ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ 3-4 ಮಿ.ಮೀ. ತೆಳು ಸ್ಲೈಸ್‌ನ ಸಿಂಗಲ್ ಶಾಟ್ ಟಿ2 (ನೀರು ಬೆಳ್ಳಗೆ ಕಾಣುವ ಚಿತ್ರ), ಕೊರೋನಲ್ (ಮುಂದಿನಿಂದ ನೋಡಿದಂತೆ) ಮತ್ತು ಆಕ್ಸಿಯಲ್ (ಅಡ್ಡಕ್ಕೆ ಕೊಯ್ದಂತೆ) ಎರಡೂ ತೆಗೆಯಿರಿ.

ಜಠರಕ್ಕೆ 4 ರಿಂದ 6 ಗಂಟೆ ಉಪವಾಸವೇ ಮುಖ್ಯ. ಜಠರ ಖಾಲಿಯಾಗುವುದಷ್ಟೇ ಅಲ್ಲ, ಪಿತ್ತಕೋಶವೂ ತುಂಬಿಕೊಳ್ಳುತ್ತದೆ. ಆಮೇಲೂ ನೀರು ಕಂಡರೆ ಸ್ಕ್ಯಾನಿಗೆ 10-15 ನಿಮಿಷ ಮೊದಲು 200-300 ಮಿ.ಲೀ. ಅನಾನಸ್ ರಸ ಕುಡಿಸಬಹುದು. ಅದರಲ್ಲಿರುವ ಮ್ಯಾಂಗನೀಸ್ ಟಿ2 (ಸಿಗ್ನಲ್ ಉಳಿಯುವ ಸಮಯ) ಇಳಿಸಿ ಜಠರವನ್ನು ಕಪ್ಪಾಗಿಸುತ್ತದೆ. ಆದರೆ ಟಿ1 ಎಂಬ ಇನ್ನೊಂದು ಬಗೆಯ ಚಿತ್ರದಲ್ಲಿ ಅದೇ ರಸ ಬೆಳ್ಳಗೆ ಕಾಣುವುದರಿಂದ ಕೊಟ್ಟಿದ್ದನ್ನು ರಿಕ್ವೆಸ್ಟ್ ಫಾರ್ಮಿನಲ್ಲಿ ಬರೆದಿಡಿ. ಸಕ್ಕರೆ ಕಾಯಿಲೆ ಇದೆಯೇ ಎಂದೂ ಮೊದಲೇ ಕೇಳಿಕೊಳ್ಳಿ.

ರಿಪೋರ್ಟಿಂಗ್ ರೂಮ್:
ಚುಕ್ಕೆಯ ವಿಷಯಕ್ಕೆ ಬರುತ್ತೇನೆ. ಎಂಐಪಿ ನೋಡಿ ಕಲ್ಲು ಇದೆ ಎಂದೂ ಹೇಳಬಾರದು, ಇಲ್ಲ ಎಂದಂತೂ ಹೇಳಲೇಬಾರದು. ಎಂಐಪಿ ಪ್ರತಿ ಗೆರೆಯಲ್ಲೂ ಅತಿ ಬೆಳ್ಳಗಿರುವ ಪಿಕ್ಸೆಲನ್ನೇ ಆರಿಸುವುದರಿಂದ ಸುತ್ತ ಪಿತ್ತರಸವಿರುವ ಸಣ್ಣ ಕಲ್ಲು ಅದರಲ್ಲಿ ಮುಳುಗಿಹೋಗುತ್ತದೆ. ಸೋರ್ಸ್ ಇಮೇಜ್‌ಗಳನ್ನು (ಎಂಐಪಿಯ ಮೂಲ ಸ್ಲೈಸ್‌ಗಳು) ಒಂದೊಂದಾಗಿ ಸ್ಕ್ರೋಲ್ ಮಾಡಿ, ವಿಂಡೋ (ಕಪ್ಪು-ಬಿಳುಪಿನ ವ್ಯಾಪ್ತಿ) ಸ್ವಲ್ಪ ಅಗಲಿಸಿ ನೋಡಬೇಕು.

ನೀವು ಹೇಳಿದ ಜಾಗದಲ್ಲಿ ಮೊದಲು ಬರಬೇಕಾದ ಅನುಮಾನ ಸ್ಫಿಂಕ್ಟರ್‌ನದು (ನಾಳದ ಬಾಯಿಯನ್ನು ಬಿಗಿಯುವ ಸ್ನಾಯು). ಅದು ಬಿಗಿಯಾದ ಕ್ಷಣಕ್ಕೆ ನಾಳದ ತುದಿ ಬಟ್ಟಲು ಕವುಚಿದಂತೆ ಕಡಿದುಹೋಗಿ ಥೇಟ್ ಕಲ್ಲಿನಂತೆಯೇ ಕಾಣುತ್ತದೆ. ಅದಕ್ಕೆ ಮದ್ದು ಸುಲಭ: ಆಂಪುಲಾ (ನಾಳ ಡ್ಯುವೋಡಿನಮ್‌ಗೆ ತೆರೆಯುವ ಜಾಗ) ಮಧ್ಯಕ್ಕೆ ಬರುವಂತೆ 40 ಮಿ.ಮೀ. ಥಿಕ್ ಸ್ಲ್ಯಾಬ್ (ಒಂದೇ ದಪ್ಪ ಸ್ಲೈಸ್) ಒಂದನ್ನಿಟ್ಟು, ಅದೇ ಸ್ಲ್ಯಾಬನ್ನು 10-15 ಸೆಕೆಂಡಿಗೊಮ್ಮೆ ಎಂಟು ಹತ್ತು ಸಲ ತೆಗೆಯಿರಿ. ಸ್ಫಿಂಕ್ಟರ್ ಆದರೆ ಒಂದಲ್ಲ ಒಂದು ಚಿತ್ರದಲ್ಲಿ ಸಡಿಲಗೊಂಡು, ನಾಳ ಮೊನಚಾಗಿ ಡ್ಯುವೋಡಿನಮ್‌ವರೆಗೆ ಇಳಿಯುವುದು ಕಾಣುತ್ತದೆ. ಕಲ್ಲು ಕದಲುವುದಿಲ್ಲ.

ಜೊತೆಗೆ ಆಂಪುಲಾದವರೆಗೆ ಗ್ಯಾಪ್ ಇಲ್ಲದ ಆಕ್ಸಿಯಲ್ ಟಿ2 ಬೇಕೇ ಬೇಕು. ಪೇಷೆಂಟ್ ಅಂಗಾತ ಮಲಗಿರುವುದರಿಂದ ಕಲ್ಲು ಸಾಮಾನ್ಯವಾಗಿ ನಾಳದ ಹಿಂಬದಿಗೆ ಕೂರುತ್ತದೆ, ಗಾಳಿ ಮುಂಬದಿಗೆ ತೇಲಿ ನೇರ ಗೆರೆ ಮಾಡುತ್ತದೆ, ಪಿತ್ತರಸದ ಹರಿವಿನಿಂದಾದ ಕಪ್ಪು ನಾಳದ ನಡುಮಧ್ಯದಲ್ಲಿರುತ್ತದೆ. ಕೊರೋನಲ್‌ನಲ್ಲಿ ಈ ಮೂರೂ ಒಂದೇ ಥರ. ಹಿಂದೆ ಇಆರ್‌ಸಿಪಿ (ಎಂಡೋಸ್ಕೋಪ್ ಇಳಿಸಿ ಪಿತ್ತನಾಳಕ್ಕೆ ಮಾಡುವ ಚಿಕಿತ್ಸೆ) ಅಥವಾ ಸ್ಟೆಂಟ್ ಆಗಿದ್ದರೆ ಗಾಳಿಯ ಅನುಮಾನ ಮೊದಲು ಇರಲಿ.

ಒಂದು ಎಚ್ಚರಿಕೆ. ಆಂಪುಲಾದಲ್ಲೇ ಸಿಕ್ಕಿಕೊಂಡ ಕಲ್ಲಿನ ಸುತ್ತ ಪಿತ್ತರಸದ ಅಂಚು ಇರುವುದಿಲ್ಲ, ಅದು ಎಂಆರ್‌ಸಿಪಿಗೆ ತಪ್ಪಿಸಿಕೊಳ್ಳಬಹುದು. 3 ಮಿ.ಮೀ.ಗಿಂತ ಸಣ್ಣವೂ ಹಾಗೆಯೇ. ಬಿಲಿರುಬಿನ್ ಏರುತ್ತಿದ್ದು ಚಿತ್ರ ಸ್ವಚ್ಛವಿದ್ದರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಸೂಚಿಸಿ ರಿಪೋರ್ಟ್ ಬರೆಯುವುದು ಸರಿ.

ಕನ್ಸೋಲ್ ಕಡೆಯಿಂದ:
ತುಂಬಾ ಉಪಯೋಗವಾಯಿತು ಸರ್. ಇನ್ನೆರಡು ಸಂಶಯ. ರೇಡಿಯಲ್ ಥಿಕ್ ಸ್ಲ್ಯಾಬ್‌ಗಳಲ್ಲಿ (ಸಿಬಿಡಿಯ ಸುತ್ತ ಬೇರೆ ಬೇರೆ ಕೋನದಲ್ಲಿ ತೆಗೆಯುವವು) ಮೊದಲನೆಯದು ಚೆನ್ನಾಗಿರುತ್ತದೆ, ಆಮೇಲಿನವುಗಳಲ್ಲಿ ಸಿಬಿಡಿ ಮಂಕು. ಮತ್ತೆ, ಗ್ಯಾಡಾಕ್ಸೆಟೇಟ್ (ಲಿವರ್ ಪಿತ್ತರಸಕ್ಕೆ ಹೊರಹಾಕುವ ಕಾಂಟ್ರಾಸ್ಟ್ ಔಷಧಿ) ಕೊಡುವ ಕೇಸಿನಲ್ಲಿ ಎಂಆರ್‌ಸಿಪಿ ಮೊದಲೋ ಆಮೇಲೋ?

ಟೆಕ್ನಾಲಜಿಸ್ಟ್, ಬಾಡಿ ಎಂಆರ್‌ಐ:
ಸ್ಲ್ಯಾಬ್‌ಗಳೆಲ್ಲ ಸಿಬಿಡಿಯ ಮೇಲೇ ಒಂದನ್ನೊಂದು ದಾಟುತ್ತವಲ್ಲ, ಮಂಕಾಗುವುದು ಅದಕ್ಕೇ. ಪಿತ್ತರಸದ ಟಿ1 (ಸಿಗ್ನಲ್ ಚೇತರಿಸಿಕೊಳ್ಳಲು ಬೇಕಾದ ಸಮಯ) ಉದ್ದ, ಹಿಂದಿನ ಶಾಟ್‌ನಿಂದ ಚೇತರಿಸಿಕೊಳ್ಳುವ ಮೊದಲೇ ಮುಂದಿನದು ಬೀಳುತ್ತಿದೆ. ಒಂದೇ ಉಸಿರಿನಲ್ಲಿ ಎರಡು ಮೂರು ತೆಗೆಯುವ ಆಸೆ ಬಿಡಿ. ಉಸಿರಿಗೊಂದು ಸ್ಲ್ಯಾಬ್, ನಡುವೆ 8-10 ಸೆಕೆಂಡ್ ಬಿಡುವು ಕೊಡಿ.

ಗ್ಯಾಡಾಕ್ಸೆಟೇಟ್ ಇದ್ದರೆ ಎಂಆರ್‌ಸಿಪಿ ಇಂಜೆಕ್ಷನ್‌ಗೆ ಮೊದಲೇ. ಔಷಧಿ ಪಿತ್ತರಸಕ್ಕೆ ಇಳಿದ ಮೇಲೆ ಟಿ2 ಕುಸಿದು ನಾಳವೇ ಮಾಯವಾಗುತ್ತದೆ. ಪಿತ್ತರಸ ಸೋರಿಕೆ ಹುಡುಕುವಾಗ ಮಾತ್ರ ಅದೇ ಗುಣ ಅನುಕೂಲಕ್ಕೆ ಬರುತ್ತದೆ, 20 ನಿಮಿಷದ ನಂತರದ 3ಡಿ ಟಿ1ನಲ್ಲಿ ಸೋರಿದ ಜಾಗ ಬೆಳ್ಳಗಾಗುತ್ತದೆ.

ರಿಪೋರ್ಟಿಂಗ್ ರೂಮ್:
ಬಿಲಿರುಬಿನ್ ತುಂಬಾ ಏರಿದ್ದರೆ ಲಿವರ್ ಗ್ಯಾಡಾಕ್ಸೆಟೇಟನ್ನು ಸರಿಯಾಗಿ ಹೊರಹಾಕುವುದಿಲ್ಲ, 20 ನಿಮಿಷಕ್ಕೂ ನಾಳ ತುಂಬದೆ ಇರಬಹುದು. ಅದನ್ನು ಸೋರಿಕೆ ಇಲ್ಲ ಎಂದು ಓದಬೇಡಿ. ಪೇಷೆಂಟನ್ನು ಕಳಿಸದೆ ಇನ್ನಷ್ಟು ಹೊತ್ತು ಬಿಟ್ಟು ಮತ್ತೊಂದು ಚಿತ್ರ ತೆಗೆಯಿರಿ.