ಸಹಾಯ ಬೇಕು: 40 ಮಕ್ಕಳ ಸ್ವಂತ ಮೊಬೈಲು, ಒಂದೇ ವೈಫೈ, ಅಪ್‌ಲೋಡ್ ಆಗ್ತಿಲ್ಲ

ನಮಸ್ಕಾರ. ಮಕ್ಕಳು ನೋಟ್ಸಿನ ಫೋಟೊ ತೆಗೆದು ತರಗತಿಯಲ್ಲೇ ಕಳಿಸಬೇಕು. ಮೊದಲೆರಡು ತರಗತಿಗೆ ಸರಿ, ಮೂರನೆಯದಕ್ಕೆ ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಅಂತ ನಿಂತುಬಿಡುತ್ತಿತ್ತು. ಕಾರಣ ಸಿಕ್ಕಿತು: ರೂಟರಿನಲ್ಲಿ ಇದ್ದದ್ದು 100 ಐಪಿ ವಿಳಾಸ (ವೈಫೈಗೆ ಸೇರುವ ಪ್ರತಿ ಮೊಬೈಲಿಗೂ ರೂಟರ್ ಕೊಡುವ ಸಂಖ್ಯೆ), ಲೀಸ್ (ಆ ವಿಳಾಸ ಒಂದು ಮೊಬೈಲಿಗೆ ಮೀಸಲಾಗಿರುವ ಅವಧಿ) 24 ಗಂಟೆ. ಹೊರಗೆ ಹೋದ ಮಕ್ಕಳ ಮೊಬೈಲಿನ ಹೆಸರಲ್ಲೂ ವಿಳಾಸ ಹಾಗೇ ಉಳಿಯುತ್ತಿತ್ತು, ಮೂರನೇ ತರಗತಿಯ 40 ಮಕ್ಕಳು ಬರುವಾಗ ಸಾಲುತ್ತಿರಲಿಲ್ಲ. ಲೀಸನ್ನು 1 ಗಂಟೆಗೆ ಇಳಿಸಿ, ವಿಳಾಸಗಳ ಸಾಲನ್ನು (ಕೊನೆಯ ಅಂಕಿ 10ರಿಂದ 250ರವರೆಗೆ, ಒಟ್ಟು 241) ಹಿಗ್ಗಿಸಿದ ಮೇಲೆ ಆ ಕಾಟ ಇಲ್ಲ.

ಈಗ ಉಳಿದಿರೋದು ಅಪ್‌ಲೋಡ್. ಫೋಟೊ ಒಂದಕ್ಕೆ ಸುಮಾರು 4 ಎಂಬಿ, 40 ಮಕ್ಕಳದ್ದು 160 ಎಂಬಿ. ಅಪ್‌ಲೋಡ್ ವೇಗ 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್, ಅಂದರೆ 1.25 ಎಂಬಿ), ಲೆಕ್ಕದ ಪ್ರಕಾರ ಎರಡು ನಿಮಿಷ ಚಿಲ್ಲರೆ. ಆದರೆ ಎಲ್ಲರೂ ಒಟ್ಟಿಗೆ ಒತ್ತಿದರೆ ಮುಕ್ಕಾಲು ಭಾಗ ಹೋಗಿ ‘ವಿಫಲ’ ಅನ್ನುತ್ತೆ, ಮತ್ತೆ ಮೊದಲಿಂದ. ವೈಫೈ ಸಿಕ್ಕ ಕೂಡಲೇ ಆ್ಯಪ್ ಅಪ್‌ಡೇಟುಗಳೂ ಶುರುವಾಗುತ್ತವೆ. ಪ್ಲೇ ಸ್ಟೋರಿನಲ್ಲಿ ಆಟೊ ಅಪ್‌ಡೇಟ್ ನಿಲ್ಲಿಸಿದ್ದೇವೆ. ಫೋಟೊದ ಸ್ಕ್ರೀನ್‌ಶಾಟ್ ಕಳಿಸಿದರೆ ಗಾತ್ರ ಇಳಿಯುತ್ತೆ ನಿಜ, ಆದರೆ ಪೆನ್ಸಿಲಿನಲ್ಲಿ ಬರೆದ ಭಿನ್ನರಾಶಿಯ ಅಡ್ಡಗೆರೆಯೇ ಮಾಯ. ಮಗು ಸರಿಯಾಗಿ ಬರೆದಿದ್ದರೂ ಅಂಕ ಹೋಗಬಾರದಲ್ವಾ?

ಹೊಸ ಆ್ಯಪ್ ಹಾಕಿಸೋದು ಕಷ್ಟ, ಹಲವರ ಮೊಬೈಲಿನಲ್ಲಿ ಜಾಗವೇ ಇಲ್ಲ. ಕ್ಯಾಮೆರಾವನ್ನು ಎಷ್ಟು ಮೆಗಾಪಿಕ್ಸೆಲ್‌ಗೆ ಇಳಿಸಿದರೂ ಪೆನ್ಸಿಲ್ ಬರಹ ಓದೋಕಾಗುತ್ತೆ? ರೂಟರಿನಲ್ಲಿ ಪ್ರತಿ ಮೊಬೈಲಿಗೂ ವೇಗದ ಮಿತಿ ಹಾಕಿದವರು ಎಷ್ಟಿಟ್ಟಿದ್ದೀರಿ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.