ಬದಲಿ ಟೀಚರ್ ಸಂಬಳ ವಾಪಸ್ ಪಡೆಯೋದು ಹೇಗೆ?

ಪ್ರಶ್ನೆ:
ಕ್ಯಾಲಿಫೋರ್ನಿಯಾದ ಸ್ಥಳೀಯ ಸರ್ಕಾರಿ ಶಾಲೆಗಳನ್ನು ನಡೆಸುವ ಒಂದು ಸಣ್ಣ ಸ್ಕೂಲ್ ಡಿಸ್ಟ್ರಿಕ್ಟ್‌ನ ಲೆಕ್ಕ ನಾನು ನೋಡ್ಕೋತೀನಿ. ನಮ್ಮ ಗಣಿತದ ಟೀಚರ್ ರಾಜ್ಯ ಮಟ್ಟದ ಸಮಿತಿಯೊಂದರಲ್ಲಿ 6 ದಿನ ಕೆಲಸ ಮಾಡಿ ಬಂದರು. ಆ ಆರೂ ದಿನ ಬದಲಿ ಟೀಚರ್‌ಗೆ ಸಂಬಳ ಕೊಟ್ಟವರು ನಾವು. ಈಗ ಆ ಸಮಿತಿಗೆ ಬಿಲ್ ಕಳಿಸಿದರೆ, 'ಮೊದಲೇ ಒಪ್ಪಿಗೆ ಆಗಿರಲಿಲ್ಲ' ಅಂತ ವಾಪಸ್ ಬಂದಿದೆ. ನಮ್ಮಂಥ ಸಣ್ಣ ಡಿಸ್ಟ್ರಿಕ್ಟ್‌ಗೆ ಇದು ಸಣ್ಣ ಮೊತ್ತ ಅಲ್ಲ. ನಿಜಕ್ಕೂ ಹೊಟ್ಟೆ ಉರಿಯುತ್ತೆ. ದಾರಿ ಇದೆಯಾ?

ಉತ್ತರ 1:
ಕ್ಯಾಲಿಫೋರ್ನಿಯಾದ ಶಿಕ್ಷಣ ಕಾನೂನು, ಅಂದ್ರೆ ಎಜುಕೇಶನ್ ಕೋಡ್‌ನ ಸೆಕ್ಷನ್ 44987.3 ಓದಿ ಮೇಡಂ. ಸಮಿತಿಯ ಕೆಲಸಕ್ಕೆ ವರ್ಷಕ್ಕೆ 20 ಶಾಲಾ ದಿನಗಳವರೆಗೆ ರಜೆ ಕೊಡಬಹುದು. ಬದಲಿ ಟೀಚರ್ ಸಂಬಳದ ಜೊತೆಗೆ ಆಡಳಿತದ ಖರ್ಚೂ ಸಿಗುತ್ತೆ. ಆದರೆ ಹಣ ಕೊಡ್ತೀವಿ ಅಂತ ಸಮಿತಿ ಕೆಲಸಕ್ಕೆ ಮುಂಚೆಯೇ ಒಪ್ಪಿರಬೇಕು. ಟೀಚರ್‌ಗೆ ಬಂದ ಆಹ್ವಾನ ಪತ್ರ, ಹಳೇ ಇಮೇಲ್ ಎಲ್ಲಾ ಹುಡುಕಿ. ಒಪ್ಪಿಗೆಯ ಒಂದು ಸಾಲು ಅಲ್ಲೇ ಇದ್ದರೂ ಇರಬಹುದು.

ಉತ್ತರ 2:
ಯೂನಿಯನ್ ಪದಾಧಿಕಾರಿಗಳ ರಜೆ ಇದರ ಜೊತೆ ಬೆರೆಸಬೇಡಿ. ಅದು ಬೇರೆ ಸೆಕ್ಷನ್, 44987. ಅಲ್ಲಿ ರಜೆ ಹೋದವರ ಸಂಬಳವನ್ನೇ ಯೂನಿಯನ್ ಡಿಸ್ಟ್ರಿಕ್ಟ್‌ಗೆ ತುಂಬಿಕೊಡಬೇಕು. ತರಬೇತಿಗೆ ಹೋದಾಗಿನ ಬದಲಿ ಖರ್ಚಿಗಾದರೆ ಟೀಚರ್ ತರಬೇತಿಯಂಥದ್ದಕ್ಕೆ ಅಮೆರಿಕದ ಕೇಂದ್ರ ಸರ್ಕಾರ ಕೊಡುವ ಟೈಟಲ್ 2, ಪಾರ್ಟ್ ಎ ಹಣ ಬಳಸಬಹುದು.

ಪ್ರಶ್ನೆ ಕೇಳಿದವರು:
ಪತ್ರ ಸಿಕ್ಕಿತು! ಎರಡನೇ ಪುಟದಲ್ಲಿ ಒಪ್ಪಿಗೆ ಸ್ಪಷ್ಟವಾಗಿದೆ. ಹಾಜರಿ ಪುಸ್ತಕದ ನಕಲು, ಬದಲಿ ಟೀಚರ್ ವೇತನ ಚೀಟಿ ಲಗತ್ತಿಸಿ ನಾಳೆಯೇ ಮತ್ತೆ ಕಳಿಸ್ತೀನಿ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.