ಹಿನ್ನೀರಿನ ಗಾಳ ಕಡಲಿಗೆ ಸಾಕೇ?

ಪ್ರಶ್ನೆ: ಹೊಸನಗರದ ಕಡೆ ಶರಾವತಿ ಹಿನ್ನೀರಿನಲ್ಲಿ ಎರೆಹುಳು ಸಿಕ್ಕಿಸಿ ಗಾಳ ಹಾಕುತ್ತ ಬಂದಿರುವ ನಾನು, ಈ ಚಳಿಗಾಲದಲ್ಲಿ ಹೊನ್ನಾವರದ ಉಪ್ಪುನೀರಿನಲ್ಲಿ ಪ್ರಯತ್ನಿಸಬೇಕೆಂದಿದ್ದೇನೆ. ಈಗಿರುವ ಕೋಲು, ರೀಲುಗಳೇ ಸಾಕಾಗುತ್ತವೆಯೇ?

ಉತ್ತರ 1: ಸಾಕು ಸರ್. ತಮ್ಮ ಶರಾವತಿಯೇ ಅಲ್ಲಿ ಕಡಲು ಸೇರುವುದರಿಂದ, ನೇರವಾಗಿ ಅಲೆಗಳೆದುರು ನಿಲ್ಲದೆ, ಅಳಿವೆಯಲ್ಲಿ ಸಿಗಡಿ ಸಿಕ್ಕಿಸಿ ಕಾಣೆ ಮೀನಿನಿಂದ ಆರಂಭಿಸುವುದು ಲೇಸು. ಆದರೆ ಉಪ್ಪು ಲೋಹವನ್ನು ತಿನ್ನುತ್ತದೆ. ಎಷ್ಟೇ ದಣಿದಿದ್ದರೂ ಅಂದೇ ರೀಲನ್ನು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಬಿಡಬೇಕು. ಒಮ್ಮೆ ಉದಾಸೀನ ಮಾಡಿದ ನನ್ನ ರೀಲು ಈಗ ತಿರುಗುವುದೇ ಇಲ್ಲ.

ಉತ್ತರ 2: ಹಿನ್ನೀರಿನಲ್ಲಿ ನಾವು ಹೊತ್ತು ನೋಡಿದರೆ ಸಾಕು, ಅಲ್ಲಿ ಉಬ್ಬರವಿಳಿತವನ್ನೂ ನೋಡಬೇಕು. ದಿನಕ್ಕೆ 2 ಬಾರಿ ಏರುವ ನೀರು ಪ್ರತಿದಿನ ಸುಮಾರು 50 ನಿಮಿಷ ತಡವಾಗುವುದರಿಂದ ನಿನ್ನೆಯ ವೇಳೆ ಇಂದಿಗೆ ಹೊಂದದು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೆಳೆತವೂ ಹೆಚ್ಚು. ಆಗ ಬಂಡೆಯ ತುದಿಗೆ ಹೋಗಬೇಡಿ.